ಬೀರೂರು ಆರು, ಬುಕ್ಕಾಂಬುಧಿ ಏಳು

ಮಾವ,

ನೀವಿದ್ದಾಗ ನಿಮಗೆ ನಾನು ಒಂದು ಕಾಗದವನ್ನೂ ಬರೆದವಳಲ್ಲ. ಬರೆಯೋ ಅಗತ್ಯ ಎಲ್ಲಿತ್ತು? ಅಡುಗೆಮನೆಯಿಂದ ಕೂಗಿದರೆ ಜಗಲಿಗೆ ಕೇಳುತ್ತಿತ್ತು. ಈಗ ಕೂಗಿದರೆ ಅಕ್ಕಪಕ್ಕದವರು ಬಂದು ಏನಾಯ್ತು ಅಂತ ಕೇಳ್ತಾರೆ. ಅದಕ್ಕೇ ಬರೀತಿದೀನಿ. ನಿಮ್ಮನ್ನ ಒಂದು ಮಾತು ಕೇಳಬೇಕು. ಒಂದು ಸುದ್ದಿಯನ್ನೂ ಹೇಳಬೇಕು. ಸುದ್ದಿ ನಿಮಗೆ ಇಷ್ಟ ಆಗುತ್ತೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ಅದು ಕೊನೆಗಿರಲಿ.

ನಾನು ಮದುವೆಯಾಗಿ ಬೀರೂರಿಗೆ ಬಂದ ಹೊಸದರಲ್ಲಿ ನೀವು ಒಂದು ಕಾಗದ ಹಿಡಿದುಕೊಂಡು ನನ್ನ ಜೆರಾಕ್ಸ್ ಅಂಗಡಿಗೆ ಬಂದಿದ್ರಿ, ನೆನಪಿದೆಯಾ? ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ಆಗಷ್ಟೇ ರಿಟೈರ್ ಆಗಿದ್ರಿ. ನಾನು ಏನೋ ಪಿಂಚಣಿ ಅರ್ಜಿ ಅಂದುಕೊಂಡೆ. ನೋಡಿದರೆ ವಾಲಿಬಾಲ್ ಲೀಗಿನ ಪಟ್ಟಿ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ತಂಡಗಳು, ದೀಪಾವಳಿ ಕಳೆದ ಮೇಲೆ ಶುರು, ಯುಗಾದಿಯೊಳಗೆ ಮುಕ್ತಾಯ, ಭಾನುವಾರ ಭಾನುವಾರ ಬೀರೂರಿನ ಮೈದಾನದಲ್ಲಿ ಆಟ. ‘ವೇದಮ್ಮ, ಇದನ್ನ ಚೆನ್ನಾಗಿ ಗೆರೆ ಹಾಕಿ ಟೈಪ್ ಮಾಡಿಕೊಡು’ ಅಂದ್ರಿ. ಮಾಡಿಕೊಟ್ಟೆ. ಅಲ್ಲಿಂದ ಮುಂದೆ ನೀವು ಹೋಗೋ ತನಕ ಪ್ರತಿ ವರ್ಷ ಆ ಪಟ್ಟಿ ಟೈಪ್ ಮಾಡಿದ್ದು ನಾನೇ. ಆದರೆ ಒಂದು ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ. ಲಿಫ್ಟರ್ ಅಂದರೆ ಹೊಡೆಯೋರಿಗೆ ಚೆಂಡು ಎತ್ತಿ ಕೊಡೋನು ಅಂತ ನನಗೆ ಗೊತ್ತಾಗಿದ್ದೇ ನಿಮ್ಮ ಮಗ ಅದು ಅಂತ ಯಾರೋ ಹೇಳಿದ ಮೇಲೆ. ನನ್ನ ಪಾಲಿಗೆ ನಿಮ್ಮ ಲೀಗ್ ಅಂದರೆ ಬರೀ ಕಾಗದ. ಊರಿನ ಹೆಸರು, ಹೊತ್ತು, ಗೆರೆ, ಅಂಕ.

ನಿಮ್ಮ ತಿಥಿ ಕಳೆದು ಇನ್ನೂ ತಿಂಗಳಾಗಿರಲಿಲ್ಲ, ತರೀಕೆರೆ ನಾಗರಾಜಣ್ಣ ಅಂಗಡಿಗೆ ಬಂದರು. ಅವರ ತಂಡ ಪಟ್ಟಿಯಲ್ಲಿ ಮೊದಲು ಇರೋದು ನಿಮಗೆ ಗೊತ್ತಲ್ಲ, ಹಾಗಾಗಿ ಬೇರೆ ಕ್ಯಾಪ್ಟನ್‌ಗಳೂ ಅವರನ್ನೇ ಮುಂದೆ ಬಿಡ್ತಾರೆ. ಅವರು ಹೇಳಿದ್ದು ಇಷ್ಟು: ಈಗ ಹನ್ನೆರಡು ತಂಡ ಆಗಿವೆ. ಒಂದೇ ಲೀಗಿನಲ್ಲಿ ಹಾಕಿದರೆ ಭಾನುವಾರಗಳು ಸಾಲಲ್ಲ. ಹೊಸ ತಂಡಗಳು ದೊಡ್ಡ ತಂಡದ ಎದುರು ಅರ್ಧ ಗಂಟೆಯಲ್ಲಿ ಸೋತು ತಲೆ ತಗ್ಗಿಸಿಕೊಂಡು ಹೋಗ್ತವೆ. ಎರಡು ಗುಂಪು ಮಾಡೋಣ, ಮೇಲಿನದಕ್ಕೆ ಎ, ಕೆಳಗಿನದಕ್ಕೆ ಬಿ. ಕೆಳಗೆ ಚೆನ್ನಾಗಿ ಆಡಿದವರಿಗೆ ಬಡ್ತಿ, ಮೇಲೆ ಕೆಟ್ಟದಾಗಿ ಆಡಿದವರಿಗೆ ಹಿಂಬಡ್ತಿ. ಯಾರು ಹೇಗೆ ಹತ್ತಬೇಕು, ಹೇಗೆ ಇಳೀಬೇಕು ಅನ್ನೋ ನಿಯಮವನ್ನ ನೀವೇ ಬರೆದುಕೊಡಿ ಅಕ್ಕ ಅಂದರು. ನನಗೇನು ಗೊತ್ತು ಅಂದೆ. ‘ನಿಮಗೆ ಆಟ ಗೊತ್ತಿಲ್ಲ, ಅದೇ ಒಳ್ಳೇದು. ಯಾರ ಕಡೆಗೂ ಇರಲ್ಲ’ ಅಂದರು.

ಆ ಮಾತು ನಂಬಿ ಕೂತೆ ಮಾವ. ಮೊದಮೊದಲು ಸುಲಭ ಅನ್ನಿಸ್ತು. ಕೊನೆಯವರು ಇಳೀಲಿ, ಮೊದಲನೆಯವರು ಹತ್ತಲಿ, ಅಷ್ಟೇ ಅಲ್ಲವಾ? ಕೂತು ಯೋಚನೆ ಮಾಡ್ತಾ ಮಾಡ್ತಾ ಒಂದೊಂದಾಗಿ ಪ್ರಶ್ನೆಗಳು ಎದ್ದವು. ವರ್ಷಕ್ಕೆ ಒಬ್ಬರೇ ಇಳಿದರೆ ಬಿ ಗುಂಪಿನ ಎರಡನೆಯವರು ಎಷ್ಟು ಚೆನ್ನಾಗಿ ಆಡಿದರೂ ಅಲ್ಲೇ ಕೊಳೀತಾರೆ. ಮೂವರು ಇಳಿದರೆ ಆರರಲ್ಲಿ ಅರ್ಧ ಗುಂಪೇ ಬದಲಾಗುತ್ತೆ, ಆಮೇಲೆ ಮೇಲಿರೋದಕ್ಕೆ ಅರ್ಥ ಏನು? ಕೊನೇ ಭಾನುವಾರ ಗೆದ್ದರೂ ಸೋತರೂ ವ್ಯತ್ಯಾಸ ಇಲ್ಲದ ತಂಡ, ಬೇಕಾದ ಸ್ನೇಹಿತರಿಗೆ ಪಂದ್ಯ ಬಿಟ್ಟುಕೊಟ್ಟರೆ? ಇಬ್ಬರ ಅಂಕ ಸಮ ಬಂದರೆ ಅವರಿಬ್ಬರ ನಡುವಿನ ಪಂದ್ಯ ನೋಡಬೇಕೋ, ಒಟ್ಟು ಗೆದ್ದ ಸೆಟ್ ಎಣಿಸಬೇಕೋ? ಅಂಗಡಿಯಲ್ಲಿ ಆಧಾರ್ ಕಾರ್ಡ್ ಜೆರಾಕ್ಸ್ ತೆಗೀತಾ ಇದನ್ನೇ ಯೋಚಿಸ್ತಿದ್ದೆ. ಒಂದು ದಿನ ಯಾರದೋ ಕಾರ್ಡಿನ ಹಿಂಭಾಗವನ್ನೇ ಹತ್ತು ಸಲ ತೆಗೆದುಕೊಟ್ಟುಬಿಟ್ಟೆ. ನಿಜ ಹೇಳ್ತೀನಿ, ಮದುವೆಯಾದ ಮೇಲೆ ಯಾವುದೂ ನನ್ನನ್ನ ಇಷ್ಟು ಹಿಡಿದು ಕೂರಿಸಿರಲಿಲ್ಲ. ನಿಮಗೂ ಹೀಗೇ ಆಗ್ತಿತ್ತಾ? ಊಟಕ್ಕೆ ಕರೆದರೂ ಬರದೆ ಪೆನ್ಸಿಲ್ ಕಚ್ಚಿಕೊಂಡು ಕೂರ್ತಿದ್ರಲ್ಲ, ಅದು ಇದೇನಾ?

ಕೊನೆಗೆ ಒಂದು ದಾರಿ ಹೊಳೀತು. ಎ ಗುಂಪಿನ ಆರನೆಯವರು ನೇರ ಇಳೀಲಿ, ಬಿ ಗುಂಪಿನ ಮೊದಲನೆಯವರು ನೇರ ಹತ್ತಲಿ. ಎ ಗುಂಪಿನ ಐದನೆಯವರೂ ಬಿ ಗುಂಪಿನ ಎರಡನೆಯವರೂ ಒಂದು ಪಂದ್ಯ ಆಡಲಿ, ಇಬ್ಬರದೂ ಅಲ್ಲದ ಊರಿನಲ್ಲಿ. ಗೆದ್ದವರಿಗೆ ಮೇಲಿನ ಜಾಗ. ಇದನ್ನ ನಾಗರಾಜಣ್ಣನಿಗೆ ಫೋನಿನಲ್ಲಿ ಹೇಳಿದೆ, ಅವರಿಗೂ ಹಿಡಿಸ್ತು. ಇನ್ನು ಉಳಿದದ್ದು ಒಂದೇ: ಮೊದಲನೇ ವರ್ಷ ಯಾರು ಎ, ಯಾರು ಬಿ? ಅದಕ್ಕೇನು, ಹಿಂದಿನ ಮೂರು ವರ್ಷದ ಅಂಕ ಕೂಡಿಸಿ, ಮೊದಲ ಆರು ಮೇಲೆ, ಮಿಕ್ಕ ಆರು ಕೆಳಗೆ ಅಂದರು. ಕೂಡಿಸಿದೆ. ಬೀರೂರು ಆರು, ಬುಕ್ಕಾಂಬುಧಿ ಏಳು. ನಡುವೆ ಒಂದೇ ಒಂದು ಅಂಕ.

ನಮ್ಮ ತಂಡ ಕೂದಲೆಳೆಯಲ್ಲಿ ಉಳೀತು ಅಂತ ನಿಮ್ಮ ಮಗನಿಗೆ ಹೇಳಿದೆ. ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ಯಾಕೋ ಸುಮ್ಮನಿರಲಾಗಲಿಲ್ಲ. ಒಂದೇ ಅಂಕ ಎಲ್ಲಿಂದ ಬಂತು ಅಂತ ನೋಡೋ ಕುತೂಹಲ. ಕಂಪ್ಯೂಟರಿನಲ್ಲಿ ಹಳೇ ಪಟ್ಟಿಗಳೆಲ್ಲ ಇದ್ದವಲ್ಲ, ಬುಕ್ಕಾಂಬುಧಿ ಆಡಿದ ಪಂದ್ಯಗಳನ್ನ ಒಂದರ ಕೆಳಗೆ ಒಂದು ಇಟ್ಟೆ. ಅಲ್ಲಿ ಒಂದು ವಿಚಿತ್ರ ಕಾಣಿಸ್ತು ಮಾವ. ಬೆಳಗ್ಗೆ ಆಡಿದ ಪಂದ್ಯಗಳನ್ನ ಅವರು ಹೆಚ್ಚುಕಡಿಮೆ ಎಲ್ಲಾ ಗೆದ್ದಿದ್ದಾರೆ. ಸಂಜೆ ನಾಲ್ಕರ ಪಂದ್ಯಗಳಲ್ಲಿ ಮೊದಲ ಎರಡು ಸೆಟ್ ಗೆದ್ದು, ಆಮೇಲಿನ ಮೂರೂ ಸೋತಿದ್ದಾರೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಇದೇನು, ಎರಡು ಸೆಟ್ ಆದ ಮೇಲೆ ಇವರಿಗೆ ಕೈ ಬಿದ್ದುಹೋಗುತ್ತಾ? ನಿಮ್ಮ ಮಗನನ್ನ ಕೇಳಿದೆ. ‘ದಮ್ ಇಲ್ಲ ಅವ್ರಿಗೆ’ ಅಂದರು.

ದಮ್ ಇಲ್ಲದವರು ಬೆಳಗ್ಗೆ ಹೇಗೆ ಐದೂ ಸೆಟ್ ಆಡಿ ಗೆಲ್ತಾರೆ? ಉತ್ತರ ಸಿಗದೆ ಒಂದು ಬುಧವಾರ ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಅಜ್ಜಂಪುರದ ಬಸ್ ಹತ್ತಿದೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬುಕ್ಕಾಂಬುಧಿ. ಅವರ ಕ್ಯಾಪ್ಟನ್ ಓಂಕಾರಪ್ಪನನ್ನ ನಾನು ಹೆಸರಿನಲ್ಲಿ ಬಲ್ಲೆ, ಮುಖದಲ್ಲಿ ಅಲ್ಲ. ಕೆರೆ ಏರಿ ಇಳಿದು ಅವರ ಮನೆ ವಿಚಾರಿಸಿಕೊಂಡು ಹೋಗೋ ಹೊತ್ತಿಗೆ ಐದು ದಾಟಿತ್ತು. ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಾಲು ಕರೀತಿದ್ದರು. ಗಂಗಾಧರಪ್ಪನವರ ಸೊಸೆ ಅಂದೆ. ಏಳೋದಕ್ಕೆ ಹೋದರು. ಬೇಡ, ಕರೀರಿ, ನಾನು ಕಾಯ್ತೀನಿ ಅಂದೆ. ಅವರ ಮನೆಯವರು ಕುರ್ಚಿ ತಂದು ಹಾಕಿದರು. ಕೂತು ಆ ಹಾಲಿನ ಧಾರೆಯ ಸದ್ದು ಕೇಳ್ತಾ ಇದ್ದೆನಲ್ಲ, ಉತ್ತರ ಅಲ್ಲೇ ಇತ್ತು. ನನಗೆ ಮಾತ್ರ ಹೊಳೀಲಿಲ್ಲ.

ಕೇಳಿದ ಮೇಲೆ ಓಂಕಾರಪ್ಪ ನಿಧಾನಕ್ಕೆ ಹೇಳಿದರು. ಅವರ ತಂಡದಲ್ಲಿ ಇರೋದೇ ಎಂಟು ಜನ. ಅದರಲ್ಲಿ ಮೂವರ ಮನೆಯಲ್ಲಿ ಕರೆಯೋ ಹಸುಗಳಿವೆ. ಆರೂವರೆಗೆ ಡೈರಿ ಮುಚ್ತಾರೆ. ಬೇರೆ ಯಾರಾದರೂ ಕೂತರೆ ಹಸು ಒದೀತದೆ, ಹಾಲು ಕೊಡಲ್ಲ. ಹಾಗಾಗಿ ಸಂಜೆ ಪಂದ್ಯ ಇದ್ದ ದಿನ ಎರಡು ಸೆಟ್ ಆಗೋ ಹೊತ್ತಿಗೆ ಮೂವರೂ ಬೈಕ್ ಹತ್ತಿ ಊರಿಗೆ ಹೊರಡಬೇಕು. ಉಳಿದವರು ಐದು ಜನ. ಆರನೆಯವರಾಗಿ ಟೆಂಪೋ ಓಡಿಸಿಕೊಂಡು ಬಂದ ಡ್ರೈವರನ್ನ ನಿಲ್ಲಿಸಿಕೊಳ್ತಿದ್ದರಂತೆ. ‘ಅವನಿಗೆ ಕ್ಲಚ್ಚು ಬ್ರೇಕು ಬಿಟ್ರೆ ಏನೂ ಗೊತ್ತಿಲ್ಲ ಕಣಕ್ಕ, ಬಾಲು ಬಂದ್ರೆ ಪಕ್ಕಕ್ಕೆ ಸರೀತಿದ್ದ’ ಅಂತ ನಕ್ಕರು. ನಾನೂ ನಕ್ಕೆ. ನಗ್ತಾ ನಗ್ತಾನೇ ಕೇಳಿದೆ: ಇದನ್ನ ನಮ್ಮ ಮಾವನಿಗೆ ಹೇಳಬಾರದಾಗಿತ್ತಾ?

ಓಂಕಾರಪ್ಪ ಹಾಲಿನ ಕ್ಯಾನಿನ ಮುಚ್ಚಳ ಒತ್ತಿದರು. ‘ಹೇಳಿದ್ದೆ ಅಕ್ಕ. ಎರಡು ಸಲ ಹೇಳಿದ್ದೆ. ಮುಂದಿನ ವರ್ಷ ನೋಡಾಣ ಕಣೋ ಅಂದ್ರು.’

ಮಾವ, ಅಲ್ಲಿಂದ ವಾಪಸ್ ಬರೋವಾಗ ನನ್ನ ತಲೆ ತುಂಬ ನೀವೇ. ಮೊದಲ ಸಲ ಅವರಿಗೆ ಸಂಜೆ ಹೊತ್ತು ಕೊಟ್ಟಿದ್ದು ಯಾಕೆ ಅಂತ ನನಗೆ ನೆನಪಿತ್ತು. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ನೀವೇ ಹೇಳಿದ್ರಿ, ದೂರದಿಂದ ಬರೋರು, ಪಾಪ, ಬೆಳಗ್ಗೆ ಒಂಬತ್ತಕ್ಕೆ ಹೇಗೆ ಬರ್ತಾರೆ, ಸಂಜೆಗೆ ಹಾಕು ಅಂತ. ಅದು ಒಳ್ಳೇ ಮನಸ್ಸಿನಿಂದ ಬಂದ ಮಾತು, ಅದರಲ್ಲಿ ಅನುಮಾನ ಇಲ್ಲ. ಆದರೆ ಅವರು ಬಂದು ಹೇಳಿದ ಮೇಲೆ? ಎರಡು ಸಲ ಹೇಳಿದ ಮೇಲೆ? ಬೀರೂರು–ಬುಕ್ಕಾಂಬುಧಿ ಪಂದ್ಯ ಪ್ರತಿ ವರ್ಷ ಸಂಜೆ ನಾಲ್ಕಕ್ಕೇ ಇತ್ತು. ಪ್ರತಿ ವರ್ಷ ಬೀರೂರೇ ಗೆದ್ದಿತ್ತು. ಜನ ಸೇರ್ತಿದ್ದರು ಅಂತ ಬಿಟ್ಟಿರಾ? ಮರೆತುಬಿಟ್ಟಿರಾ? ಅಥವಾ… ಆ ‘ಅಥವಾ’ದ ಮುಂದಿನದನ್ನ ಬರೆಯೋಕೆ ನನಗೆ ಮನಸ್ಸಿಲ್ಲ. ನಿಮ್ಮನ್ನ ದೂರೋಕೆ ಬರೀತಿಲ್ಲ. ‘4.00 – ಬುಕ್ಕಾಂಬುಧಿ, ಬೀರೂರು’ ಅಂತ ಪ್ರತಿ ವರ್ಷ ಟೈಪ್ ಮಾಡಿದ ಕೈ ನನ್ನದೇ. ಒಂದು ಸಲವೂ ಯಾಕೆ ಅಂತ ಕೇಳಲಿಲ್ಲ. ಎದುರಿಗೆ ಕೂತಿದ್ದಾಗ ಕೇಳೋದನ್ನ ಬಿಟ್ಟು ಈಗ ಕೇಳ್ತಿದೀನಲ್ಲ, ಅದಕ್ಕೇ ಸಂಕಟ.

ಮನೆಯಲ್ಲಿ ನಿಮ್ಮ ಮಗನಿಗೆ ಎಲ್ಲಾ ಹೇಳಿದೆ. ಮೂರು ವರ್ಷದ ಅಂಕ ಕೂಡಿಸಿ ಗುಂಪು ಮಾಡೋದು ಸರಿಯಲ್ಲ, ಆ ಅಂಕವೇ ಸರಿಯಿಲ್ಲ ಅಂದೆ. ಆರನೇ ಜಾಗಕ್ಕೆ ಬೀರೂರೂ ಬುಕ್ಕಾಂಬುಧಿಯೂ ಬೆಳಗ್ಗೆ ಹೊತ್ತು, ತರೀಕೆರೆಯಲ್ಲಿ ಒಂದು ಪಂದ್ಯ ಆಡಲಿ ಅಂದೆ. ಅವರು ತಟ್ಟೆಯಿಂದ ಕೈ ತೆಗೆದರು.

‘ಅಪ್ಪ ಕಟ್ಟಿದ ಟೀಮನ್ನ ಈ ಮನೆಯವಳೇ ಇಳಿಸ್ತೀಯಾ ವೇದಾ?’

‘ನಾನು ಇಳಿಸ್ತಿಲ್ಲ ರೀ. ಆಡಿ ನೋಡಿ ಅಂತಿದೀನಿ.’

ಆಮೇಲೆ ನಾಲ್ಕೈದು ದಿನ ನಮ್ಮಿಬ್ಬರ ಮಧ್ಯೆ ಉಪ್ಪು ಕೊಡು, ನೀರು ಕೊಡು, ಅಷ್ಟೇ ಮಾತು. ನಿಮ್ಮ ಮಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಆ ತಂಡ ಬಿಟ್ಟರೆ ನಿಮ್ಮದು ಅಂತ ಹಿಡ್ಕೊಳ್ಳೋಕೆ ಬೇರೆ ಏನಿದೆ? ಸೋತರೆ ನಿಮ್ಮನ್ನೇ ಇನ್ನೊಂದು ಸಲ ಕಳ್ಕೊಂಡ ಹಾಗೆ ಅಂತ ಅವರಿಗೆ ಅನ್ನಿಸಿರಬೇಕು.

ತರೀಕೆರೆಯಲ್ಲಿ ಕ್ಯಾಪ್ಟನ್‌ಗಳ ಸಭೆ ಸೇರಿದ ದಿನ ನನ್ನನ್ನ ನಿಜವಾಗಿ ಕಷ್ಟಕ್ಕೆ ಸಿಕ್ಕಿಸಿದ್ದು ನಾಗರಾಜಣ್ಣನ ಪ್ರಶ್ನೆ. ಅವರು ಜೋರಾಗಿ ಏನೂ ಮಾತಾಡಲಿಲ್ಲ. ಪಟ್ಟಿ ಪಟ್ಟಿಯೇ ಅಲ್ಲವಾ ಅಕ್ಕ ಅಂದರು. ಒಬ್ಬರಿಗೆ ಹಸು, ಇನ್ನೊಬ್ಬರಿಗೆ ಪರೀಕ್ಷೆ, ಮತ್ತೊಬ್ಬರಿಗೆ ಅಕ್ಕನ ಮದುವೆ. ಸೋತವರೆಲ್ಲ ಒಂದೊಂದು ಕಾರಣ ಹಿಡ್ಕೊಂಡು ಬಂದರೆ ಎಲ್ಲಿ ನಿಲ್ಲಿಸ್ತೀರಿ? ಒಳ್ಳೇ ಪ್ರಶ್ನೆ. ಬಸ್ಸಿನಲ್ಲಿ ಬರ್ತಾ ನಾನೇ ಅದನ್ನ ನನಗೆ ಕೇಳಿಕೊಂಡಿದ್ದೆ, ಉತ್ತರ ಪೂರ್ತಿ ಸಿಕ್ಕಿರಲಿಲ್ಲ. ಸಿಕ್ಕಷ್ಟನ್ನೇ ಹೇಳಿದೆ. ಮದುವೆ ನಾವು ಇಟ್ಟದ್ದಲ್ಲ, ಪರೀಕ್ಷೆ ನಾವು ಇಟ್ಟದ್ದಲ್ಲ, ಒಂದು ಸಲ ಬಂದು ಹೋಗ್ತವೆ. ಸಂಜೆ ನಾಲ್ಕು ಗಂಟೆ ನಾವು ಇಟ್ಟದ್ದು. ಪ್ರತಿ ವರ್ಷ ಇಟ್ಟದ್ದು. ಪಟ್ಟಿ ಮಾಡಿದ ತಪ್ಪನ್ನ ಪಟ್ಟಿಯೇ ತಿದ್ದಬೇಕು, ಬೇರೆ ಕಾರಣಗಳನ್ನ ಅವರವರು ನೋಡ್ಕೋಬೇಕು. ಆ ಪಟ್ಟಿ ಮಾಡಿದ್ದು ಯಾರು ಅಂತ ಅಲ್ಲಿ ಯಾರೂ ಹೆಸರೆತ್ತಲಿಲ್ಲ. ನಿಮ್ಮ ಮೇಲಿನ ಗೌರವಕ್ಕೆ ಎತ್ತಲಿಲ್ಲ ಅಂತ ನನಗೆ ಗೊತ್ತಾಯ್ತು. ನೆಲ ನೋಡ್ಕೊಂಡು ಕೂತಿದ್ದೆ. ಆಗ ಮೂಲೆಯಲ್ಲಿ ಕೂತಿದ್ದ ನಿಮ್ಮ ಮಗ ಎದ್ದು ನಿಂತರು.

‘ಬೀರೂರು ಆಡುತ್ತೆ’ ಅಂದರು. ‘ಬೆಳಗ್ಗೆ ಹತ್ತಕ್ಕೆ ಇಟ್ಕೊಳ್ಳಿ.’

ಅಷ್ಟು ಹೇಳಿ ಕೂತರು. ನನ್ನ ಕಡೆ ನೋಡಲೂ ಇಲ್ಲ.

ಆ ಭಾನುವಾರ ತರೀಕೆರೆಯ ಮೈದಾನದಲ್ಲಿ ನಾನು ಜೀವನದಲ್ಲಿ ಮೊದಲ ಸಲ ಒಂದು ವಾಲಿಬಾಲ್ ಪಂದ್ಯವನ್ನ ಆರಂಭದಿಂದ ಕೊನೆ ತನಕ ನೋಡಿದೆ. ನಾಗರಾಜಣ್ಣ ನನಗೆ ಒಂದು ಮೇಜು, ಅಂಕದ ಹಾಳೆ ಕೊಟ್ಟು ಕೂರಿಸಿದರು. ಮೊದಲ ಎರಡು ಸೆಟ್ ಬುಕ್ಕಾಂಬುಧಿ ಗೆದ್ದಿತು. ನನಗೆ ನಗು ಬಂತು, ಇದು ನಾನು ಎಷ್ಟೋ ಸಲ ಟೈಪ್ ಮಾಡಿದ ಪಂದ್ಯವೇ ಅಲ್ಲವಾ ಅಂತ. ಮೂರನೇ ಸೆಟ್ಟಿಗೆ ಎಂಟೂ ಜನ ಅಲ್ಲೇ ಇದ್ದರು, ಯಾರೂ ಬೈಕ್ ಹತ್ತಲಿಲ್ಲ, ಡ್ರೈವರ್ ಟೆಂಪೋದಲ್ಲೇ ನಿದ್ದೆ ಮಾಡ್ತಿದ್ದ. ಆದರೂ ಮೂರನೆಯದು ಬೀರೂರಿಗೆ ಬಂತು. ನಾಲ್ಕನೆಯದೂ ಬಂತು. ನಿಮ್ಮ ಮಗ ಚೆಂಡನ್ನ ಎತ್ತಿ ಕೊಡೋ ರೀತಿ ಇದೆಯಲ್ಲ ಮಾವ, ಎರಡು ಕೈ ಮೇಲೆತ್ತಿ, ಬೆರಳ ತುದಿಯಲ್ಲಿ, ಮಗುವನ್ನ ಎತ್ತಿ ಯಾರ ಕೈಗೋ ಕೊಟ್ಟ ಹಾಗೆ. ಇಷ್ಟು ವರ್ಷ ಇದನ್ನ ನಾನು ಯಾಕೆ ನೋಡಲಿಲ್ಲ?

ಐದನೇ ಸೆಟ್ ಹದಿನೈದು ಪಾಯಿಂಟಿಗೆ. ಹದಿಮೂರು–ಹದಿಮೂರು ಆಯ್ತು. ಸರ್ವೀಸ್ ಬುಕ್ಕಾಂಬುಧಿದು, ಹೊಡೆಯೋದು ಓಂಕಾರಪ್ಪ. ನನ್ನ ಪೆನ್ನು ಹಾಳೆ ಮೇಲೆ ನಿಂತುಬಿಟ್ಟಿತ್ತು. ಯಾರಿಗೆ ಬರಲಿ ಅಂತ ಆ ಕ್ಷಣ ನನ್ನ ಮನಸ್ಸು ಬೇಡ್ತಿತ್ತೋ ನಾನು ಯಾರಿಗೂ ಹೇಳಿಲ್ಲ, ನಿಮಗೂ ಹೇಳಲ್ಲ. ಓಂಕಾರಪ್ಪ ಹೊಡೆದದ್ದು ನೆಟ್ಟಿನ ಪಟ್ಟಿಗೆ ಬಡಿದು ಅವರ ಕಡೆಗೇ ಬಿತ್ತು. ಮುಂದಿನ ಪಾಯಿಂಟ್ ಎಷ್ಟು ಹೊತ್ತು ನಡೀತು ಅಂದರೆ, ಚೆಂಡು ಆ ಕಡೆ ಈ ಕಡೆ ಹೋಗೋದನ್ನ ನೋಡಿ ನೋಡಿ ನನಗೆ ಕತ್ತು ನೋವು ಬಂತು. ಕೊನೆಗೆ ಅವರದೊಂದು ಹೊಡೆತ ಗೆರೆಯಿಂದ ಗೇಣುದ್ದ ಆಚೆ ಬಿತ್ತು. ಬೀರೂರು ಗೆದ್ದಿತು.

ನಮ್ಮವರು ಕುಣಿದರು. ನಾನು ಹಾಳೆ ಮಡಿಸಿಕೊಂಡು ಓಂಕಾರಪ್ಪನ ಹತ್ತಿರ ಹೋದೆ. ಹೇಗೆ ಮುಖ ತೋರಿಸೋದು ಅಂತ ಹಿಂಜರಿಕೆ. ಅವರನ್ನ ಆಸೆ ತೋರಿಸಿ ಕರೆದುಕೊಂಡು ಬಂದು ಸೋಲಿಸಿದ ಹಾಗಾಯ್ತಲ್ಲ. ಕ್ಷಮಿಸಿ ಅಂತ ಬಾಯಿಗೆ ಬಂದಿತ್ತು. ಅವರು ಟವೆಲಿನಲ್ಲಿ ಕತ್ತು ಒರೆಸಿಕೊಳ್ತಾ ನನ್ನನ್ನ ನೋಡಿ ನಕ್ಕರು.

‘ಇಷ್ಟ್ ವರ್ಷ ಸೋತು ಊರಿಗೆ ಹೋದಾಗ ಹಸು ಮೇಲೆ ಹಾಕ್ತಿದ್ವಿ ಅಕ್ಕ. ಇವತ್ತು ಹಾಕಕ್ಕೆ ಏನೂ ಇಲ್ಲ. ನಾನೇ ನೆಟ್ಟಿಗೆ ಹೊಡ್ದೆ’ ಅಂದರು. ಟವೆಲನ್ನ ಹೆಗಲಿಗೆ ಹಾಕ್ಕೊಂಡು, ‘ಇವತ್ತಿನ್ ಸೋಲು ನಮ್ದೇ ಕಣಕ್ಕ’ ಅಂದರು.

ಆ ಮಾತು ಹೇಳುವಾಗ ಅವರ ಮುಖದಲ್ಲಿ ಬೇಜಾರಿತ್ತು, ಇಲ್ಲ ಅನ್ನಲ್ಲ. ಆದರೆ ಅದರ ಜೊತೆಗೆ ಇನ್ನೂ ಏನೋ ಇತ್ತು. ಅದನ್ನ ಏನಂತ ಕರೀಬೇಕೋ ಇವತ್ತಿಗೂ ಗೊತ್ತಾಗಿಲ್ಲ. ನ್ಯಾಯವಾದ ನಿಯಮ ಮಾಡಿದರೆ ಗೆಲ್ಲಬೇಕಾದವರು ಗೆಲ್ತಾರೆ ಅಂತ ನಾನು ತಿಳ್ಕೊಂಡಿದ್ದೆ. ಹಾಗಲ್ಲವೇನೋ. ಸೋತವರಿಗೆ ತಮ್ಮ ಸೋಲು ತಮ್ಮದು ಅನ್ನಿಸಿದರೆ ಅಷ್ಟು ಸಾಕೇನೋ. ನೀವಿದ್ದಿದ್ದರೆ ಏನಂತಿದ್ರಿ?

ಊರಿಗೆ ಬಂದ ಮೇಲೆ ಇನ್ನೊಂದು ತಮಾಷೆ. ನಮ್ಮ ಬೀದಿಯವರು ಸೊಸೆ ಮಾವನ ಟೀಮನ್ನ ಉಳಿಸಿದಳು ಅಂತ ಹೊಗಳಿದರು. ಅಜ್ಜಂಪುರದ ಕಡೆ, ಅವಳೇ ಉಪಾಯ ಮಾಡಿ ಗಂಡನ ಟೀಮನ್ನ ಮೇಲಿಟ್ಟಳು ಅಂತ ಯಾರೋ ಅಂದರಂತೆ. ಎರಡೂ ಸುಳ್ಳು. ಎರಡಕ್ಕೂ ನಾನು ಉತ್ತರ ಕೊಡೋಕೆ ಹೋಗಲಿಲ್ಲ. ಆ ವರ್ಷದ ಪಟ್ಟಿ ಮಾಡೋವಾಗ ಪ್ರತಿ ತಂಡಕ್ಕೂ ಬೆಳಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು, ಸಂಜೆ ಎಷ್ಟು ಅಂತ ಸಮ ಮಾಡಿ ಹಂಚಿದೆ. ಯಾರಿಗಾದರೂ ಯಾವುದಾದರೂ ಹೊತ್ತು ಆಗಲ್ಲ ಅಂದರೆ ಪಟ್ಟಿ ಅಚ್ಚಾಗೋ ಮುಂಚೆ ಹೇಳಲಿ, ಬದಲಾಯಿಸಿಕೊಳ್ಳೋಕೆ ಇನ್ನೊಂದು ತಂಡವನ್ನ ಅವರೇ ಒಪ್ಪಿಸಲಿ ಅಂತ ಒಂದು ಸಾಲು ಸೇರಿಸಿದೆ. ಕೊನೇ ಭಾನುವಾರ ಎಲ್ಲಾ ಪಂದ್ಯಗಳೂ ಒಂದೇ ಹೊತ್ತಿಗೆ, ಮೂರು ಊರಿನ ಮೂರು ಮೈದಾನದಲ್ಲಿ, ಒಂದೊಂದರಲ್ಲೂ ಎರಡೆರಡು ನೆಟ್ ಕಟ್ಟಿಸಿ. ಆ ದಿನ ಫೋನಿನಲ್ಲಿ ಅಂಕ ಬರಕೊಳ್ಳೋಕೆ ನನ್ನ ಎರಡು ಕಿವಿ ಸಾಲಲಿಲ್ಲ.

ಈಗ ಸುದ್ದಿ, ಮಾವ. ಬುಕ್ಕಾಂಬುಧಿ ಬಿ ಗುಂಪಿನಲ್ಲಿ ಮೊದಲು ಬಂದು ನೇರವಾಗಿ ಮೇಲೆ ಹೋಯ್ತು. ಬೀರೂರು ಎ ಗುಂಪಿನಲ್ಲಿ ಆರನೆಯದು. ಇಳೀತು.

ಓದಿ ನಿಮಗೆ ಏನನ್ನಿಸ್ತೋ. ನಾನೇ ಟೈಪ್ ಮಾಡಿದೆ, ‘ಬಿ ಗುಂಪು: ಬೀರೂರು’ ಅಂತ. ಮಾಡೋ ಮುಂಚೆ ಬುಕ್ಕಾಂಬುಧಿಗೆ ಮಾಡಿದ ಲೆಕ್ಕವನ್ನೇ ನಮ್ಮ ತಂಡಕ್ಕೂ ಮಾಡಿ ನೋಡಿದೆ. ಬೆಳಗಿನ ಪಂದ್ಯಕ್ಕೆ ನಮ್ಮ ತಂಡದ ಇಬ್ಬರು ಅಂಗಡಿ ಬಿಟ್ಟು ಬರೋಕಾಗ್ತಿರಲಿಲ್ಲ ಅಂತ ನಿಮ್ಮ ಮಗ ಒಂದು ಸಲ ಅಂದಿದ್ದರು. ನಮಗೂ ಒಂದು ಹಸು ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಬೆಳಗ್ಗೆ ಸೋತಷ್ಟೇ ಸಂಜೆಯೂ ಸೋತಿದ್ದೆವು. ಹಾಳೆಯನ್ನ ನಿಮ್ಮ ಮಗನ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ನನಗೆ ವಯಸ್ಸಾಯ್ತು ವೇದಾ, ಮೊಣಕಾಲು ಏಳಲ್ಲ ಅಂತಿದೆ ಅಂದರು. ಇಳಿದಿದ್ದಕ್ಕೆ ಆಟವನ್ನೇ ಬಿಟ್ಟುಬಿಡ್ತಾರೇನೋ ಅಂದುಕೊಂಡಿದ್ದೆ. ಬಿಡಲಿಲ್ಲ. ಈ ವರ್ಷ ದೀಪಾವಳಿಗೆ ಮುಂಚೆಯೇ ಹೊಸಬರು ಇಬ್ಬರನ್ನ ಸೇರಿಸಿಕೊಂಡು ದಿನಾ ಸಂಜೆ ನೆಟ್ ಕಟ್ಟಿದರು.

ಹೋದ ಭಾನುವಾರ ಬಿ ಗುಂಪಿನ ನಮ್ಮ ಮೊದಲನೇ ಪಂದ್ಯ. ಹಿರೇನಲ್ಲೂರಿನಲ್ಲಿ, ಬೆಳಗ್ಗೆ ಒಂಬತ್ತಕ್ಕೆ. ಈಗ ಪಂದ್ಯಗಳನ್ನ ಊರೂರಿಗೂ ಹಂಚಿದ್ದೇವೆ. ಹೊರಡೋ ಹೊತ್ತಿಗೆ ಅತ್ತೆ ಸೀರೆ ಬದಲಾಯಿಸಿಕೊಂಡು ಬಂದು, ನಾನೂ ಬತ್ತೀನಿ ಅಂದರು. ಇಷ್ಟು ವರ್ಷದಲ್ಲಿ ನಿಮ್ಮ ಒಂದು ಪಂದ್ಯಕ್ಕೂ ಬರದ ಅತ್ತೆ! ಯಾಕೆ ಅಂತ ನಾನು ಕೇಳಲಿಲ್ಲ. ಮೈದಾನದ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ನನ್ನ ಪಕ್ಕ ಕೂತರು. ಸುತ್ತ ಹೊಲಗಳಲ್ಲಿ ರಾಗಿ ಕೊಯ್ಲು ನಡೀತಿತ್ತು, ಕೊಯ್ತಿದ್ದವರೂ ನಡುನಡುವೆ ಬಂದು ನಿಂತು ನೋಡಿ ಹೋಗ್ತಿದ್ದರು. ಸ್ವಲ್ಪ ಹೊತ್ತು ಆದ ಮೇಲೆ ಅತ್ತೆ ಕೇಳಿದರು:

‘ಇಲ್ಲೂ ಸೋತ್ರೆ ಇನ್ನೂ ಕೆಳಗೆ ಹೋಗ್ತಾರೇನೇ?’

ಇಲ್ಲ ಅತ್ತೆ, ಇದರ ಕೆಳಗೆ ಏನೂ ಇಲ್ಲ ಅಂದೆ.

‘ಅದಕ್ಕೇ ಅನ್ನು, ಎಲ್ಲಾ ನಗ್ತಾ ಆಡ್ತಾವ್ರೆ’ ಅಂದರು.

ನೋಡಿದೆ. ಹೌದು ಮಾವ, ನಗ್ತಿದ್ದರು. ನಿಮ್ಮ ಮಗ ಕೂಡ. ಇನ್ನೂ ಮೂರು ಊರಿನವರು ತಂಡ ಕಟ್ಟಿದೀವಿ, ಸೇರಿಸ್ಕೊಳ್ಳಿ ಅಂತ ಕೇಳಿದ್ದಾರೆ. ಅವರಿಗೋಸ್ಕರ ಸಿ ಗುಂಪು ಮಾಡಬೇಕೋ, ಬಿ ಗುಂಪನ್ನೇ ದೊಡ್ಡದು ಮಾಡಬೇಕೋ ಅಂತ ನಾನು ಲೆಕ್ಕ ಹಾಕ್ತಿದ್ದೆ. ಅತ್ತೆಯ ಮಾತು ಕೇಳಿದ ಮೇಲೆ ಆ ಲೆಕ್ಕ ಪೂರ್ತಿ ಕಲಸಿಹೋಗಿದೆ. ಒಂದು ಮಾತು ಮಾತ್ರ ಕೊಡ್ತೀನಿ. ಇನ್ನು ಮುಂದೆ ಯಾವ ಊರಿನವರು ಬಂದು ಹೀಗಾಗ್ತಿದೆ ಅಂತ ಹೇಳಿದರೂ ಮುಂದಿನ ವರ್ಷ ನೋಡೋಣ ಅನ್ನಲ್ಲ. ಬಸ್ ಹತ್ತಿ ಹೋಗಿ ನೋಡಿಕೊಂಡು ಬರ್ತೀನಿ.

ಬೀರೂರು ಗೆದ್ದಿತು. ನಾಲ್ಕನೇ ಸೆಟ್ಟಿನಲ್ಲಿ ಹಿರೇನಲ್ಲೂರಿನವನೊಬ್ಬ ನಮ್ಮವರ ಹೊಡೆತಕ್ಕೆ ನೆಲಕ್ಕೆ ಬಿದ್ದು, ಒಂದೇ ಕೈಯಲ್ಲಿ ಚೆಂಡು ಎತ್ತಿ ಉಳಿಸಿದ. ಅತ್ತೆ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಅವನು ನಮ್ಮವನಲ್ಲ ಅತ್ತೆ ಅಂದೆ. ‘ಗೊತ್ತು, ಸುಮ್ನಿರು’ ಅಂದರು.

ನಿಮ್ಮ ಸೊಸೆ,
ವೇದಾ